ಕ್ಯಾಲಿಬರ್‌ನಲ್ಲಿ ಇಪಬ್ ಮಾಡಿದರೆ ಕನ್ನಡ ಯಾಕೆ ಕಲಸುಮೇಲೋಗರ ಆಗುತ್ತದೆ?

ಇ-ಪುಸ್ತಕ ಮಾಡಿಕೊಡುವ ಉಚಿತ ತಂತ್ರಾಂಶ ಕ್ಯಾಲಿಬರ್‌ನಲ್ಲಿ ಉಡುಪಿಯ ನಿಮ್ಮ ಯಕ್ಷಗಾನ ಪ್ರಸಂಗದ ಪಿಡಿಎಫ್ ಇಪಬ್ (ಇ-ಪುಸ್ತಕದ ಕಡತ) ಆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ತುಂಬಿಕೊಂಡವು ಅಂದಿರಿ. ತಪ್ಪು ಕ್ಯಾಲಿಬರ್‌ನದ್ದಲ್ಲ, ಆ ಪಿಡಿಎಫ್‌ನ ಒಳಗೆ ಕನ್ನಡವೇ ಇಲ್ಲ.

ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ನುಡಿಯಲ್ಲಿ ‘ಕ’ದ ಆಕಾರ ಕೂತಿದ್ದು ಇಂಗ್ಲಿಷಿನ ‘ಪಿ’ (P) ಜಾಗದಲ್ಲಿ. ಪಿಡಿಎಫ್ ಜೊತೆಗೆ ಆ ಫಾಂಟೂ ಇರುವುದರಿಂದ ಕಣ್ಣಿಗೆ ಕನ್ನಡ ಕಾಣುತ್ತದೆ. ಕ್ಯಾಲಿಬರ್ ಪಠ್ಯವನ್ನಷ್ಟೇ ಎತ್ತಿಕೊಳ್ಳುತ್ತದೆ. ವೇಷ ಕಳಚಿದ ಹಾಗೆ, ಒಳಗಿದ್ದ ‘ಪಿ’ ಹೊರಬೀಳುತ್ತದೆ.

ಪರಿಹಾರ ಇದೆ. ನುಡಿ, ಬರಹ ಎರಡರಲ್ಲೂ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಪಿಡಿಎಫ್‌ನ ಪಠ್ಯವನ್ನು ನಕಲಿಸಿಕೊಂಡು ಹಾಗೆ ಬದಲಿಸಿ, ವರ್ಡ್‌ನ ಡಾಕ್ಸ್ (.docx) ಕಡತವಾಗಿ ಉಳಿಸಿ, ಆಮೇಲೆ ಕ್ಯಾಲಿಬರ್‌ಗೆ ಕೊಡಿ. ಪದ್ಯದ ಸಾಲುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತದೆ.

ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಕಥೆ ಬೇರೆ. ಅದು ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸ ಕ್ಯಾಲಿಬರ್‌ಗೆ ಬರುವುದಿಲ್ಲ. ಅದಕ್ಕೆ ಟೆಸರಾಕ್ಟ್ ಎಂಬ ತಂತ್ರಾಂಶ ಬಳಸಿ, ಅದೂ ಉಚಿತ, ಕನ್ನಡವನ್ನೂ ಓದುತ್ತದೆ.

ನಿಜ ಹೇಳಬೇಕೆಂದರೆ, ಪಿಡಿಎಫ್‌ನಿಂದ ಪರಿವರ್ತಿಸುವುದು ಕೊನೆಯ ದಾರಿ. ಅದರಲ್ಲಿ ಪ್ಯಾರಾ ಎಲ್ಲಿ ಮುಗಿಯಿತು ಎಂಬ ಗುರುತೂ ಸಾಮಾನ್ಯವಾಗಿ ಇರುವುದಿಲ್ಲ, ಕ್ಯಾಲಿಬರ್ ಸುಮ್ನೆ ಊಹಿಸುತ್ತದೆ. ಮಂಗಳೂರು, ಉಡುಪಿಯ ಪ್ರಕಾಶಕರು ಪರಿಚಯವಿದ್ದರೆ ಮೂಲ ಕಡತವನ್ನೇ ಕೇಳಿ ನೋಡಿ, ಅರ್ಧ ಕೆಲಸ ತಪ್ಪುತ್ತದೆ.