ವಿ8 ಹೋಯಿತೆಂಬ ಬೇಸರಕ್ಕೆ

‘ಮರ್ಸಿಡಿಸ್‌ನ ವೇಗದ ಕಾರು ಸಿ63 ಅಂದರೆ ವಿ8 (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್‌ಗಳಿರುವ ಎಂಜಿನ್) ಎಂದೇ ನಂಬಿದ್ದೆ. ಅದನ್ನು ತೆಗೆದು ನಾಲ್ಕು ಸಿಲಿಂಡರ್ ಎಂಜಿನ್, ಜೊತೆಗೊಂದು ಬ್ಯಾಟರಿ ಇಟ್ಟು ಅದೇ ಹೆಸರಲ್ಲಿ ಮಾರಿದ್ದು ಮೋಸವಲ್ಲವೇ? ಮುಂದೆ ಎಲ್ಲರೂ ಇದೇ ದಾರಿ ಹಿಡಿಯುತ್ತಾರಾ? ಹಾಗಾದರೆ ಹಳೆಯ ವಿ8 ಒಂದನ್ನು ಈಗಲೇ ಕೊಂಡುಬಿಡಲೇ?’ ಎಂದು ಕೇಳಿದ್ದೀರಿ.

ನಿಮ್ಮ ಬೇಸರ ನನ್ನದೂ ಹೌದು. ಹಳೆಯ ಸಿ63 ಸ್ಟಾರ್ಟ್ ಆದಾಗ ಸ್ಟಿಯರಿಂಗ್ ಹಿಡಿದ ಬೆರಳಿಗೆ ತಾಕುವ ಆ ಸಣ್ಣ ನಡುಕವನ್ನು ಮರೆಯಲಾಗದು. ಆ ಗುಡುಗು ಬರೀ ಗಾತ್ರದಿಂದ ಬಂದದ್ದಲ್ಲ. ಕ್ರಾಸ್‌ಪ್ಲೇನ್ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡದ ಮಡಿಕೆಗಳು ಎದುರಿನಿಂದ ನೋಡಿದರೆ ಶಿಲುಬೆಯಂತೆ ಕಾಣುವ ವಿನ್ಯಾಸ) ವಿ8ನಲ್ಲಿ ಒಂದೊಂದು ಸಾಲಿನ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಫೈರ್ ಆಗುವುದಿಲ್ಲ. ಆ ಏರುಪೇರಿನ ಲಯವೇ ಎಕ್ಸಾಸ್ಟ್‌ನಲ್ಲಿ ಕೇಳಿಸುವುದು. ಸ್ಪೀಕರ್ ಇಟ್ಟು ಅದನ್ನು ತುಂಬಿಕೊಡಲು ಆಗದು.

ಆದರೂ ಮೋಸ ಎನ್ನಲಾರೆ. ಹಿಂದಿನ ಸಿ63 ಎಸ್‌ನಲ್ಲಿ 510 ಅಶ್ವಶಕ್ತಿ ಇತ್ತು. ಹೊಸ ಸಿ63ನಲ್ಲಿ 2 ಲೀಟರ್ ಎಂಜಿನ್ ಮತ್ತು ಹಿಂಬದಿಯ ಮೋಟಾರ್ ಸೇರಿ 680. ನನ್ನ ತಕರಾರು ತೂಕದ ಬಗ್ಗೆ. ಕಾರು 2,100 ಕೆ.ಜಿ. ದಾಟಿದೆ. ಬಿಎಂಡಬ್ಲ್ಯು ಎಂ5 ವಿ8 ಅನ್ನು ಉಳಿಸಿಕೊಂಡಿತು, ಆದರೆ ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು) ಆಗಿ 2,400 ಕೆ.ಜಿ. ಮೀರಿತು. ನೇರ ರಸ್ತೆಯಲ್ಲಿ ಮೋಟಾರ್ ಈ ಭಾರವನ್ನು ಮುಚ್ಚಿಡುತ್ತದೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿದಾಗ ಮುಚ್ಚಿಡಲು ಯಾರಿಂದಲೂ ಆಗದು.

ಹಾಗಾಗಿ ನನಗೆ ಭರವಸೆ ಕೊಟ್ಟದ್ದು 2024ರ ಪೋರ್ಷೆ 911 ಜಿಟಿಎಸ್. ಅದರಲ್ಲಿರುವುದು ಕೇವಲ 1.9 ಕಿಲೋವ್ಯಾಟ್-ಅವರ್ ಬ್ಯಾಟರಿ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಶಾಫ್ಟ್ ಮೇಲೆಯೇ ಪುಟ್ಟ ಮೋಟಾರ್ ಕೂತಿದೆ: ಎಕ್ಸಾಸ್ಟ್ ಗಾಳಿ ಬಲ ಪಡೆಯುವ ಮೊದಲೇ ಅದು ಟರ್ಬೊವನ್ನು ತಿರುಗಿಸುತ್ತದೆ, ಗಾಳಿ ಹೆಚ್ಚಾದಾಗ ಅದರಿಂದಲೇ ವಿದ್ಯುತ್ ತೆಗೆಯುತ್ತದೆ. ಗೇರ್‌ಬಾಕ್ಸ್‌ನೊಳಗೆ ಇನ್ನೊಂದು ಮೋಟಾರ್. ಇಷ್ಟೆಲ್ಲ ಸೇರಿಯೂ ಹೆಚ್ಚಾದ ತೂಕ ಸುಮಾರು 50 ಕೆ.ಜಿ.

ಇನ್ನೊಂದು ವಿಷಯ ಗಮನಿಸಿ. ಅದರ ಎಂಜಿನ್ ಚಿಕ್ಕದಾಗಲಿಲ್ಲ, 3 ಲೀಟರ್‌ನಿಂದ 3.6ಕ್ಕೆ ಏರಿತು! ಜೋರಾಗಿ ಓಡಿಸುವಾಗ ಎಂಜಿನ್ ತಂಪಿಡಲು ಹೆಚ್ಚುವರಿ ಪೆಟ್ರೋಲ್ ಸುರಿಯುವ ಹಳೆಯ ಅಭ್ಯಾಸ ಹೊಗೆ ನಿಯಮಗಳ ಮುಂದೆ ನಡೆಯದು. ಗಾಳಿ-ಇಂಧನದ ಸರಿಯಾದ ಪ್ರಮಾಣದಲ್ಲೇ ಅಷ್ಟು ಶಕ್ತಿ ತೆಗೆಯಬೇಕಾದರೆ ದೊಡ್ಡ ಎಂಜಿನ್ನೇ ಅನುಕೂಲ. ನಿಯಮ ಬಿಗಿಯಾದಷ್ಟೂ ಎಂಜಿನ್ ಕುಗ್ಗಲೇಬೇಕು ಎಂಬ ಮಾತನ್ನು ನಾವೂ ಬರೆದಿದ್ದೆವು, ಅದು ತಪ್ಪು.

ನನ್ನ ಅಭಿಪ್ರಾಯದಲ್ಲಿ ಸಿ63 ಗಾತ್ರದ ಕಾರಿಗೆ ಸರಿಹೊಂದುವುದು ಆರು ಸಿಲಿಂಡರ್, ಜೊತೆಗೆ ಪುಟ್ಟ ಬ್ಯಾಟರಿ. ಪೂರ್ತಿ ಎಲೆಕ್ಟ್ರಿಕ್ ಕಾರುಗಳೂ ಬರಲಿ, ನಿಂತಲ್ಲಿಂದ ವೇಗ ಪಡೆಯುವುದರಲ್ಲಿ ಅವನ್ನು ಮೀರಿಸುವುದು ಕಷ್ಟ.

ಹಳೆಯ ವಿ8 ಕೊಳ್ಳಲೇ ಎಂದಿರಿ. ಮನಸ್ಸಿದ್ದರೆ ಕೊಳ್ಳಿ. ಸಿ63ರ 4 ಲೀಟರ್ ವಿ8 ಮಾದರಿಯಲ್ಲಿ ಟರ್ಬೊಗಳು ಎರಡು ಸಾಲುಗಳ ನಡುವೆಯೇ ಕೂತಿವೆ, ಅಲ್ಲಿ ಬಿಸಿ ವಿಪರೀತ. ಸುತ್ತಲಿನ ರಬ್ಬರ್ ಪೈಪು, ವೈರುಗಳನ್ನು ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ, ಸರ್ವಿಸ್ ದಾಖಲೆ ಕೇಳಿ. ನೀವು ಹೋಗುವ ಹೊತ್ತಿಗೆ ಮಾಲೀಕರು ಎಂಜಿನ್ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವಾಗಲೇ ನಿಮ್ಮ ಕೈಯಾರೆ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ.

— ಸಂಪಾದಕ