ಯೇಸು ದೇವರ ಮಗ ಅಂತಾರೆ, ಮತ್ತೆ ಮೆಸ್ಸೀಯ ಅಂತಾನೂ ಅಂತಾರೆ. ಎರಡೂ ಒಂದೇನಾ?

ಒಂದೇ ಅಲ್ಲ. ಎರಡೂ ಯೇಸುವಿಗೇ ಸಲ್ಲುತ್ತವೆ ಅನ್ನುವುದು ನಮ್ಮ ನಂಬಿಕೆ. ನಾನು ಬೀದರಿನ ಮೆಥೋಡಿಸ್ಟ್ ಮನೆತನದವಳು. ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ಮಕ್ಕಳೂ ಇದನ್ನೇ ಕೇಳುತ್ತಾರೆ.

ಮೆಸ್ಸೀಯ ಅಂದರೆ ಅಭಿಷೇಕ ಆದವನು. ಇದು ಹೀಬ್ರೂ ಮಾತು, ಗ್ರೀಕಿನಲ್ಲಿ ಇದೇ ಕ್ರಿಸ್ತ. ಹಿಂದೆ ಇಸ್ರಾಯೇಲಿನಲ್ಲಿ ಯಾಜಕರ, ರಾಜರ ತಲೆಗೆ ಎಣ್ಣೆ ಹೊಯ್ದು ನೇಮಿಸುತ್ತಿದ್ದರು. ಮೊದಲ ಮಹಾಯಾಜಕ ಆರೋನನಿಗೆ ಹಾಗೆ ಮಾಡಿದರು. ಕುರಿ ಕಾಯುತ್ತಿದ್ದ, ಮುಂದೆ ರಾಜನಾದ ದಾವೀದನನ್ನು ಕರೆಸಿ ಪ್ರವಾದಿ ಸಮುವೇಲ ಎಣ್ಣೆ ಹೊಯ್ದ. ಬೈಬಲಿನ ಯೆಶಾಯನ ಪುಸ್ತಕದ 45ನೇ ಅಧ್ಯಾಯ ಪರ್ಷಿಯಾದ ರಾಜ ಕೋರೆಷನನ್ನೂ ಅಭಿಷಿಕ್ತ ಅನ್ನುತ್ತದೆ. ಅವನು ಯೆಹೂದ್ಯನೇ ಅಲ್ಲ! ಅಂದರೆ ಆ ಬಿರುದು ಇದ್ದ ಮಾತ್ರಕ್ಕೆ ಒಬ್ಬ ದೇವರಾಗುವುದಿಲ್ಲ.

ನಮ್ಮ ಊರಿನಲ್ಲೇ ಈ ವ್ಯತ್ಯಾಸ ಕಾಣುತ್ತದೆ. ಇಲ್ಲಿ ಉರ್ದು ಮಾತಾಡುವ ಕ್ರೈಸ್ತರು ಯಸೂ ಮಸೀಹ್ ಅನ್ನುತ್ತಾರೆ, ಮುಸ್ಲಿಮರು ಈಸಾ ಮಸೀಹ್ ಅನ್ನುತ್ತಾರೆ. ಕುರಾನಿನಲ್ಲೂ ಆ ಬಿರುದು ಇದೆ. ಆದರೆ ದೇವರ ಮಗ ಅನ್ನುವುದನ್ನು ಅವರು ಒಪ್ಪುವುದಿಲ್ಲ. ಯೆಹೂದ್ಯರಲ್ಲಿ ಹೆಚ್ಚಿನವರು ಯೇಸುವನ್ನು ಮೆಸ್ಸೀಯ ಅಂತಲೇ ಒಪ್ಪಲಿಲ್ಲ. ಅದಕ್ಕೆ ಕಾರಣವೂ ಇದೆ. ದಾವೀದನ ಸಿಂಹಾಸನ ಎಂದೆಂದಿಗೂ ನಿಲ್ಲುತ್ತದೆ ಅಂತ ದೇವರು ಮಾತು ಕೊಟ್ಟಿದ್ದ. ಆಮೇಲೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ಕ್ರಿ.ಪೂ. 63ರಲ್ಲಿ ರೋಮಿನವರು ಬಂದು ಕೂತರು. ಜನ ಕಾಯುತ್ತಿದ್ದದ್ದು ತಮ್ಮನ್ನು ಬಿಡಿಸುವ ರಾಜನಿಗಾಗಿ. ಶಿಲುಬೆಗೆ ಹಾಕಿಸಿಕೊಂಡವನನ್ನು ಅಂಥ ರಾಜ ಅಂತ ಹೇಗೆ ನಂಬುತ್ತಾರೆ? ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಅಂತ ಅವರ ಧರ್ಮಶಾಸ್ತ್ರದಲ್ಲೇ ಇತ್ತಲ್ವಾ?

ನಮ್ಮ ನಂಬಿಕೆಯ ತಿರುಳು ಇರುವುದು ಇಲ್ಲೇ. ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ, ಫಿಲಿಪ್ಪನ ಕೈಸರೈಯ ಅನ್ನುವ ಊರಿನ ಕಡೆ ಹೋಗುವಾಗ ಯೇಸುವಿನ ಶಿಷ್ಯ ಪೇತ್ರ ‘ನೀನು ಕ್ರಿಸ್ತನು’ ಅನ್ನುತ್ತಾನೆ. ಯೇಸು ಇಲ್ಲ ಅನ್ನಲಿಲ್ಲ, ಆದರೆ ಯಾರಿಗೂ ಹೇಳಬೇಡಿ ಅಂದ. ಕೂಡಲೇ ತಾನು ಕಷ್ಟಪಡಬೇಕು, ಕೊಲ್ಲಲ್ಪಡಬೇಕು, ಮೂರು ದಿನದ ಮೇಲೆ ಎದ್ದುಬರಬೇಕು ಅಂದ. ಪೇತ್ರನಿಗೆ ತಡೆಯಲಾಗಲಿಲ್ಲ, ಪಕ್ಕಕ್ಕೆ ಕರೆದು ಗದರಿಸಿದ. ಅವನ ಮನಸ್ಸಿನಲ್ಲಿದ್ದ ಮೆಸ್ಸೀಯ ಸಾಯುವವನಲ್ಲ. ಯೇಸು ತಿರುಗಿ ಅವನನ್ನೇ ‘ಸೈತಾನನೇ’ ಅಂದುಬಿಟ್ಟ. ಸುಮ್ನೆ ಆಡಿದ ಮಾತಲ್ಲ ಅದು. ಸಾವಿಲ್ಲದ ರಾಜತ್ವ ಯೇಸುವಿಗೆ ಬೇಡವಾಗಿತ್ತು. ನಮ್ಮ ಪಾಪ ಹೊತ್ತು ಸತ್ತು, ಎದ್ದುಬಂದು ಆಳುವವನೇ ನಮ್ಮ ಮೆಸ್ಸೀಯ. ಆ ರಾಜ್ಯ ಪೂರ್ತಿಯಾಗಿ ಬರುವುದನ್ನು ನಾವೂ ಇನ್ನೂ ಕಾಯುತ್ತಿದ್ದೇವೆ.

ಇನ್ನು ದೇವರ ಮಗ. ಬೈಬಲಿನ ಎರಡನೇ ಕೀರ್ತನೆ ದಾವೀದನ ಸಿಂಹಾಸನದ ರಾಜನನ್ನೇ ದೇವರ ಮಗ ಅನ್ನುತ್ತದೆ. ನಾವು ಯೇಸುವಿನ ವಿಷಯದಲ್ಲಿ ಅದಕ್ಕಿಂತ ಜಾಸ್ತಿ ಹೇಳುತ್ತೇವೆ: ಲೋಕ ಹುಟ್ಟುವ ಮೊದಲೇ ತಂದೆಯ ಜೊತೆ ಇದ್ದವನು. ಕ್ರಿ.ಶ. 325ರಲ್ಲಿ ನೈಸಿಯಾ ಊರಿನಲ್ಲಿ ಸೇರಿದ ಬಿಷಪರ ಸಭೆ ಒಪ್ಪಿದ ವಿಶ್ವಾಸಪ್ರಮಾಣದಲ್ಲೂ ಇದೇ ಇದೆ. ಮೆಸ್ಸೀಯ ಅನ್ನುವುದು ಯೇಸು ಮಾಡಲು ಬಂದ ಕೆಲಸ ಹೇಳುತ್ತದೆ, ದೇವರ ಮಗ ಅನ್ನುವುದು ಆತ ಯಾರು ಅಂತ ಹೇಳುತ್ತದೆ.

ಎರಡೂ ಬಿರುದು ಒಟ್ಟಿಗೆ ಬರುವುದನ್ನು ನೋಡಬೇಕೆಂದರೆ ಮಾರ್ಕನ 14ನೇ ಅಧ್ಯಾಯ ಓದಿ. ಅಲ್ಲಿ ಯೆಹೂದ್ಯರ ಮಹಾಯಾಜಕ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುತ್ತಾನೆ. ಹಿಂದೆ ಯಾರಿಗೂ ಹೇಳಬೇಡಿ ಅಂದಿದ್ದ ಯೇಸು, ಸೆರೆಸಿಕ್ಕ ಮೇಲೆ ಅಲ್ಲಿ ಎಲ್ಲರೆದುರೇ ಹೌದು ಅನ್ನುತ್ತಾನೆ.