ನಾಲ್ವರ ರಾಕ್ ತಂಡ ಹುಟ್ಟಿದ್ದು ಹೇಗೆ? ಕಾರವಾರದ ಮಿತ್ರರಿಗೆ ಉತ್ತರ

ಎರಡು ಗಿಟಾರ್, ತಗ್ಗು ಸ್ವರದ ಒಂದು ಬೇಸ್, ಒಂದು ಡ್ರಮ್ಸ್ ಎಂಬ ಏರ್ಪಾಟನ್ನು ಬ್ರಿಟನ್ನಿನ ಬೀಟಲ್ಸ್ ತಂಡವೇ ರೂಪಿಸಿತೇ, ಮೂವರೇ ಇರುವ ನಿಮ್ಮ ಕಾಲೇಜು ತಂಡಕ್ಕೆ ನಾಲ್ಕನೆಯವರು ಬೇಕೇ ಬೇಕೇ ಎಂದು ತಾವು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ಅಮೆರಿಕದ ಟೆಕ್ಸಸ್‌ನ ಬಡ್ಡಿ ಹಾಲಿ ಮತ್ತು ಅವರ ಕ್ರಿಕೆಟ್ಸ್ ತಂಡ 1957ರಲ್ಲೇ ಹೀಗೆ ನುಡಿಸುತ್ತಿತ್ತು. ಆದರೆ ಅವರ ಬೇಸ್ ನೆಲದ ಮೇಲೆ ನಿಲ್ಲಿಸಿ ನುಡಿಸುವ ದೊಡ್ಡ ಮರದ ವಾದ್ಯವಾಗಿತ್ತು.

ತಂಡ ಹೀಗೆ ಚಿಕ್ಕದಾದುದರ ನಿಜವಾದ ಕಾರಣ ಇನ್ನೂ ಹಿಂದಿದೆ. 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೊಗೆ ಬಂದ, ಬ್ಲೂಸ್ ಎಂಬ ಆಫ್ರಿಕನ್ ಅಮೆರಿಕನ್ನರ ಸಂಗೀತದ ಗಾಯಕ ಮಡ್ಡಿ ವಾಟರ್ಸ್, ಗದ್ದಲದ ಮದ್ಯದಂಗಡಿಗಳಲ್ಲಿ ಸಾದಾ ಗಿಟಾರಿನ ದನಿ ಕೇಳಿಸದಿದ್ದುದರಿಂದ ವಿದ್ಯುತ್ ಗಿಟಾರಿಗೆ ಹೊರಳಿದರು. 1951ರಲ್ಲಿ ಫೆಂಡರ್ ಕಂಪನಿಯ ವಿದ್ಯುತ್ ಬೇಸ್ ಬಂದ ಮೇಲಂತೂ, ಹತ್ತಾರು ತುತ್ತೂರಿ, ಸ್ಯಾಕ್ಸೊಫೋನುಗಳ ದೊಡ್ಡ ಮೇಳ ತುಂಬುತ್ತಿದ್ದ ಸಭಾಂಗಣವನ್ನು ಕೆಲವೇ ಜನ ಕಡಿಮೆ ಖರ್ಚಿನಲ್ಲಿ ತುಂಬುವುದು ಸಾಧ್ಯವಾಯಿತು. ಭಾಗವತರು, ಮದ್ದಲೆ, ಚಂಡೆ ಇಷ್ಟರಿಂದಲೇ ಇಡೀ ಗದ್ದೆಬಯಲನ್ನು ತುಂಬುವ ನಮ್ಮ ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳವನ್ನು ಕೇಳಿ ಬೆಳೆದವರಿಗೆ ಇದು ವಿಶೇಷವೆನಿಸಲಾರದು.

ಬ್ರಿಟನ್ನಿನಲ್ಲಿ ಇಂಥ ಸಣ್ಣ ತಂಡಗಳಿಗೆ ನೆಲ ಹದಮಾಡಿದ್ದು ಸ್ಕಿಫಲ್ ಎಂಬ ಸರಳ ಸಂಗೀತ ಶೈಲಿ. ಅಗ್ಗದ ಗಿಟಾರ್, ತಾಳಕ್ಕೆ ಬಟ್ಟೆ ಒಗೆಯುವ ಹಲಗೆ, ಚಹಾ ಪೆಟ್ಟಿಗೆಗೆ ಕೋಲು–ದಾರ ಕಟ್ಟಿದ ಬೇಸ್ ಇದ್ದರೆ ಸಾಕಿತ್ತು. 1956ರಲ್ಲಿ ಜಾನ್ ಲೆನನ್ ಕಟ್ಟಿದ ಕ್ವಾರಿಮೆನ್ ತಂಡವೂ ಇಂಥದ್ದೇ. ಬೀಟಲ್ಸ್ ಬೆಳೆದದ್ದು ಅದರಿಂದಲೇ.

ಇನ್ನು ನಾಲ್ಕನೆಯವರನ್ನು ಹುಡುಕುವ ಅಗತ್ಯವಿಲ್ಲ. 1966ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕ್ರೀಮ್ ಮತ್ತು ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್, ಎರಡೂ ಮೂವರ ತಂಡಗಳೇ. ಆದರೆ ಎರಡನೆಯ ಗಿಟಾರ್ ಇಲ್ಲದಿದ್ದಾಗ ಬೇಸ್ ನುಡಿಸುವವರ ಹೊಣೆ ಹೆಚ್ಚುತ್ತದೆ, ಅಭ್ಯಾಸವನ್ನು ಅವರಿಂದಲೇ ಆರಂಭಿಸಿ.